ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ ಅಂದಿದ್ದಾರೆ. ಹಾಸನ ಬಿಟ್ಟು ಚಿಕ್ಕಮಗಳೂರಿನ ಕಾಲೇಜಿಗೆ ಹೋಗಲಾ?

ಆಲ್ದೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಈಗ ಮೂರನೇ ಸೆಮಿಸ್ಟರ್. ಕಾಲೇಜಿನ ಹೆಸರು ಕೇಳಬೇಡಿ, ಇನ್ನೂ ಅಲ್ಲೇ ಇದ್ದೇನೆ.

ಕಳೆದ ವಾರ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಕಾಯಿಲೆ) ಲಸಿಕೆಯ ಸರ್ಟಿಫಿಕೇಟ್ ಕೊಡದವರಿಗೆ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆ ವಾರ್ಡಿನ ತರಬೇತಿ ಇಲ್ಲ, ಹಾಜರಿ ಕಡಿಮೆಯಾದರೆ ಕಾಲೇಜು ಜವಾಬ್ದಾರಿಯಲ್ಲ. ಇಷ್ಟೇ. ಯಾಕೆ ಅಂತ ಒಂದು ಸಾಲೂ ಇಲ್ಲ. ಲಸಿಕೆ ಕಾಲೇಜಿನಲ್ಲೇ ಹಾಕಿಸಿಕೊಳ್ಳಬೇಕಂತೆ, ಅದಕ್ಕೆ ಬೇರೆ ಫೀಸಂತೆ. ಹೊರಗಡೆ ಮೆಡಿಕಲ್ ಶಾಪಿನಲ್ಲಿ ವಿಚಾರಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ.

ಅಪ್ಪನಿಗೆ ಹೇಳಿದೆ. ಅವರು ಬೇಡವೇ ಬೇಡ ಅಂದರು. ಅಮ್ಮನ ತವರು ಕೊಪ್ಪದ ಕಡೆ. ಅಲ್ಲಿ ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡವರೂ ಕಾಯಿಲೆ ಬಿದ್ದಿದ್ದನ್ನು ಅಪ್ಪ ಕಣ್ಣಾರೆ ನೋಡಿದ್ದಾರೆ. "ನಿನ್ನ ಮೈ, ನಿನ್ನ ಇಷ್ಟ. ಅವರು ಹೇಳಿದರು ಅಂತ ಚುಚ್ಚಿಸಿಕೊಳ್ಳಬೇಡ. ಬೇಕಾದರೆ ಚಿಕ್ಕಮಗಳೂರಿಗೆ ಬಂದುಬಿಡು" ಅಂತಾರೆ.

ಕಾಲೇಜು ಬದಲಾಯಿಸುವ ಯೋಚನೆ ಮೊದಲಿನಿಂದಲೂ ಇತ್ತು. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಕೊಯ್ಲು ಶುರುವಾದರೆ ಬೆಳಗ್ಗೆ ಹೋದವರು ಕತ್ತಲಾದ ಮೇಲೇ ಮನೆಗೆ ಬರುವುದು. ಚಿಕ್ಕಮಗಳೂರಾದರೆ ನಾನು ಮನೆಯಿಂದಲೇ ಓಡಾಡಬಹುದು. ಮೂರನೇ ಸೆಮಿಸ್ಟರ್ ಆದಮೇಲೆ ಕಾಲೇಜು ಬದಲಾಯಿಸಲು ಆಗುತ್ತಾ? ಈ ಲಸಿಕೆಯನ್ನು ಬೇಡ ಅನ್ನುವ ಹಕ್ಕು ನನಗಿದೆಯಾ? ತಿಳಿದವರು ಹೇಳಿ.

ಕಡೂರಿನವ

ಹಕ್ಕು ಖಂಡಿತ ಇದೆ. ಸುಪ್ರೀಂ ಕೋರ್ಟೇ ಹೇಳಿದೆ. 2022ರ ಮೇ 2ರಂದು ಜಾಕೋಬ್ ಪುಲಿಯೆಲ್ ಪ್ರಕರಣದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ತೀರ್ಪು ಬಂತು. ಸಂವಿಧಾನದ 21ನೇ ವಿಧಿಯಲ್ಲೇ ನಮ್ಮ ದೇಹದ ಮೇಲಿನ ಹಕ್ಕು ಇದೆ. ಆ ತೀರ್ಪಿನ ಪ್ರತಿ ತೆಗೆದುಕೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ಇಡಿ.

ಕೋವಿಡ್ ಟೈಮಲ್ಲಿ ನನ್ನ ಅಣ್ಣ ಕೂಲಿಗೆ ಹೋಗುತ್ತಿದ್ದ. ಸರ್ಟಿಫಿಕೇಟ್ ತೋರಿಸದೆ ಒಳಗೆ ಬಿಡಲ್ಲ ಅಂತ ಗೇಟಿನಲ್ಲೇ ನಿಲ್ಲಿಸಿದರು. ಎರಡು ಡೋಸಿನ ನಡುವೆ ಕಾಯಲೇಬೇಕಾದ ದಿನಗಳಲ್ಲೂ ಕೆಲಸ ಕೊಡಲಿಲ್ಲ. ಕಾಗದದ ಮೇಲೆ ಬಲವಂತ ಇಲ್ಲ, ಆದರೆ ಊಟಕ್ಕೆ ಕಲ್ಲು ಹಾಕಿದರೆ ಅದೂ ಬಲವಂತವೇ ಅಲ್ವಾ? ಅದಕ್ಕೇ ನನಗೆ ಈ ಕಡ್ಡಾಯ ಅನ್ನುವ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ನೈಟ್ ಡ್ಯೂಟಿ

ತಂಗಿ, ನಾನು ಸ್ಟಾಫ್ ನರ್ಸ್. ಹಾಸನ ಜಿಲ್ಲೆಯಲ್ಲೇ ಕೆಲಸ. ನಿನ್ನ ಎರಡು ಪ್ರಶ್ನೆಗಳನ್ನು ಮೊದಲು ಬೇರೆ ಬೇರೆ ಮಾಡಿಕೋ. ಅಮ್ಮನಿಗೋಸ್ಕರ ಚಿಕ್ಕಮಗಳೂರಿಗೆ ಹೋಗುವುದು ಒಂದು ವಿಷಯ. ಲಸಿಕೆ ತಪ್ಪಿಸಿಕೊಳ್ಳಲು ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಇದೆ. ಎರಡನೆಯದಕ್ಕೆ ಹೋದರೆ ಅಲ್ಲೂ ಅದೇ ನೋಟಿಸ್ ಕಾದಿರುತ್ತದೆ. ಲಸಿಕೆ ಆಗಿದೆಯಾ ಅಂತ ಕೇಳದೆ ನಿನ್ನ ಕೈಗೆ ಸೂಜಿ ಕೊಡುವ ಆಸ್ಪತ್ರೆ ಇದ್ದರೆ, ಅಂಥ ಕಡೆ ಕಲಿಯುವುದೇ ಬೇಡ.

ನನಗಾದ ಒಂದು ಘಟನೆ ಹೇಳುತ್ತೇನೆ. ಬೇರೊಂದು ಆಸ್ಪತ್ರೆಯಲ್ಲಿ ಇದ್ದಾಗಿನದು. ನಡುರಾತ್ರಿ ಒಬ್ಬ ರೋಗಿಯ ರಕ್ತ ತೆಗೆಯುತ್ತಿದ್ದೆ. ಜ್ವರದ ತಲೆಯಲ್ಲಿ ಅವರು ಕೈ ಸರಕ್ಕನೆ ಎಳೆದುಕೊಂಡರು. ಸೂಜಿ ನನ್ನ ಎಡಗೈ ಹೆಬ್ಬೆರಳಿಗೆ ಹೊಕ್ಕಿತು. ಗ್ಲೌಸ್ ಒಳಗೆ ಸಣ್ಣದಾಗಿ ಕೆಂಪು ಹರಡಿತು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದೆ. ಹಿಂಡಬಾರದು, ಅದನ್ನು ನೆನಪಿಟ್ಟುಕೋ. ಆ ರೋಗಿಯ ರಕ್ತ ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ ಬಿ ಪಾಸಿಟಿವ್.

ನನಗೆ ಮೂರೂ ಡೋಸ್ ಆಗಿತ್ತು. ಲಸಿಕೆ ಹತ್ತಿದೆಯಾ ಅಂತ ನೋಡುವ ರಕ್ತಪರೀಕ್ಷೆ, ಟೈಟರ್, ಅದನ್ನೂ ಮಾಡಿಸಿದ್ದೆ, ಚೆನ್ನಾಗಿತ್ತು. ಫಾರಂ ತುಂಬಿ ಮತ್ತೆ ಡ್ಯೂಟಿಗೆ ಹೋದೆ. ಲಸಿಕೆ ಇಲ್ಲದಿದ್ದರೆ? ರೋಗಿಯ ರಕ್ತದಲ್ಲಿ ವೈರಸ್ ಜಾಸ್ತಿ ಇದ್ದಾಗ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಿಗೆ ಸೋಂಕು ತಗಲುವ ಸಾಧ್ಯತೆ 100ಕ್ಕೆ 30ರವರೆಗೂ ಹೋಗುತ್ತದೆ. ನಾವೆಲ್ಲ ಹೆದರುವ ಎಚ್‌ಐವಿಗೆ ಅದು 1000ಕ್ಕೆ ಸುಮಾರು 3. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಏಳು ದಿನ ಬದುಕುತ್ತದೆ. ಟ್ರಾಲಿಯ ಅಂಚಿನಲ್ಲಿ, ಬೆಡ್‌ನ ಕಂಬಿಯ ಮೇಲೆ, ಕಣ್ಣಿಗೆ ಕಾಣಿಸದಷ್ಟು ಇದ್ದರೂ ಸಾಕು.

ಕಡೂರಿನವ

ಅಕ್ಕ, ನಿಮಗಾದದ್ದು ಕೇಳಿ ಬೇಸರವಾಯಿತು. ಆದರೆ ಅಪಾಯ ಅವಳದು ಅಂದಮೇಲೆ ತೀರ್ಮಾನವೂ ಅವಳದೇ ಆಗಬೇಕು ಅಲ್ವಾ? ಕೋವಿಡ್ ಥರ ಕೆಮ್ಮಿದರೆ ಹರಡುವ ಕಾಯಿಲೆಯಲ್ಲ ಇದು. ತಗಲಿದರೆ ಅವಳಿಗೆ ತಗಲುತ್ತದೆ. ಕಾಲೇಜಿಗೆ ಏನು?

ನೈಟ್ ಡ್ಯೂಟಿ

ಒಳ್ಳೆಯ ಪ್ರಶ್ನೆ. ಅಪಾಯ ಅವಳೊಬ್ಬಳದೇ ಆಗಿದ್ದರೆ ನಾನೂ ನಿಮ್ಮ ಮಾತಿಗೆ ಹೂಂ ಅನ್ನುತ್ತಿದ್ದೆ.

ಈ ವೈರಸ್ ಹೊತ್ತವರಲ್ಲಿ ತುಂಬಾ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಕಾಮಾಲೆ ಬರಲೇಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 2.98 ಕೋಟಿ ಜನಕ್ಕೆ ಹೆಪಟೈಟಿಸ್ ಬಿ ಇದೆ. ಸೋಂಕು ತಗಲಿದ ನರ್ಸ್ ಅದು ಗೊತ್ತಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡುತ್ತಾಳೆ. ಅವಳ ಕೈ ಗಾಯದಿಂದ ರೋಗಿಗೆ ಹೋಗಬಹುದು. ಮದುವೆಯಾದರೆ ಗಂಡನಿಗೆ, ಆಮೇಲೆ ಹೆರಿಗೆಯಲ್ಲಿ ಮಗುವಿಗೆ. ದೊಡ್ಡವರಿಗೆ ತಗಲಿದರೆ 100ರಲ್ಲಿ 95 ಜನಕ್ಕೆ ತಾನಾಗೇ ವಾಸಿಯಾಗುತ್ತದೆ. ಹುಟ್ಟುವಾಗ ತಗಲಿದ ಮಕ್ಕಳಲ್ಲಿ 100ಕ್ಕೆ 90ರಷ್ಟು ಮಕ್ಕಳಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ಆ ಮಗುವನ್ನು ಯಾರೂ ನಿನ್ನ ಆಯ್ಕೆ ಏನು ಅಂತ ಕೇಳುವುದಿಲ್ಲ.

ಇನ್ನೊಂದು ಮಾತು. ವಾರ್ಡಿನಲ್ಲಿ ಮಲಗಿರುವ ರೋಗಿ ತನ್ನ ನರ್ಸನ್ನು ಆರಿಸಿಕೊಂಡು ಬಂದಿರುವುದಿಲ್ಲ. ಆ ಕೆಲಸಕ್ಕೆ ನಾವು ಬಂದಿದ್ದೇವೆ. ಸ್ವಂತ ಇಷ್ಟ ಅನ್ನುವ ಮಾತಿಗೆ ಮನೆಯಲ್ಲಿ ಇರುವಷ್ಟು ಜಾಗ ವಾರ್ಡಿನಲ್ಲಿ ಇಲ್ಲ. ಕೈ ತೊಳೆಯುವುದು ನನ್ನ ಇಷ್ಟ ಅಂತ ಯಾವ ನರ್ಸಾದರೂ ಹೇಳಿದರೆ ಒಪ್ಪುತ್ತೀರಾ?

ಬೇಲೂರು ವಕೀಲ

ತೀರ್ಪಿನ ವಿಚಾರ ಬಂತಲ್ಲ, ಅದನ್ನು ಪೂರ್ತಿ ಹೇಳಬೇಕು. ಅರ್ಧ ಹೇಳಿದರೆ ಆ ಹುಡುಗಿಗೆ ತೊಂದರೆ.

ಜಾಕೋಬ್ ಪುಲಿಯೆಲ್ ತೀರ್ಪು ಕೋವಿಡ್ ಲಸಿಕೆ ಕುರಿತದ್ದು. ಬಲವಂತವಾಗಿ ಯಾರಿಗೂ ಲಸಿಕೆ ಹಾಕುವಂತಿಲ್ಲ ಅಂದಿದ್ದು ನಿಜ. ಅದೇ ತೀರ್ಪಿನಲ್ಲಿ ಇನ್ನೊಂದು ಭಾಗವೂ ಇದೆ. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕಿಗೆ ಮಿತಿ ಹಾಕಬಹುದು. ಆದರೆ ಆ ಮಿತಿಗೆ ಕಾನೂನಿನ ಆಧಾರ ಇರಬೇಕು, ನಿಜವಾದ ಅಗತ್ಯ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಇರಬಾರದು. ಈ ಮೂರು ಅಳತೆಗಳು ಬಂದಿದ್ದು 2017ರ ಖಾಸಗಿತನದ ತೀರ್ಪಿನಿಂದ. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ಹೊತ್ತಿನಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಳ್ಳದವರಿಂದ ಬೇರೆಯವರಿಗೆ ಹೆಚ್ಚಿನ ಅಪಾಯ ಇದೆ ಅಂತ ತೋರಿಸುವ ಮಾಹಿತಿಯನ್ನು ಸರ್ಕಾರಗಳು ಕೋರ್ಟಿನ ಮುಂದೆ ಇಡಲಿಲ್ಲ. ಅದಕ್ಕೇ ಅಂಥವರ ಮೇಲಿನ ನಿರ್ಬಂಧ ಅತಿಯಾಯಿತು ಅಂದರು. ಕಡೂರಿನವರ ಅಣ್ಣನಿಗೆ ಆದದ್ದು ಆ ತೀರ್ಪಿನ ಎದುರು ನಿಲ್ಲುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿನಿಯ ಹೆಪಟೈಟಿಸ್ ಬಿ ಲಸಿಕೆ ಬೇರೆಯದೇ ಲೆಕ್ಕ.

ಈಗ ಕಾಲೇಜಿನ ಕಡೆ ನೋಡೋಣ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಅಂತ ಇವೆ. ತ್ಯಾಜ್ಯ ಮುಟ್ಟುವ ಎಲ್ಲ ಆರೋಗ್ಯ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು ಅಂತ ಅದರಲ್ಲೇ ಬರೆದಿದೆ. ಆ ಕರ್ತವ್ಯ ಯಾರ ಮೇಲೆ? ಆಸ್ಪತ್ರೆ ನಡೆಸುವವರ ಮೇಲೆ. ನೌಕರರ ಮೇಲಲ್ಲ, ವಿದ್ಯಾರ್ಥಿಗಳ ಮೇಲಂತೂ ಅಲ್ಲವೇ ಅಲ್ಲ. ಹಾಗಾಗಿ ಲಸಿಕೆ ಬೇಡ ಅಂತ ಜಗಳ ಮಾಡುವುದಕ್ಕಿಂತ, ಅದನ್ನು ನೀವೇ ಹಾಕಿಸಿ, ಫೀಸು ಯಾಕೆ ಕೇಳುತ್ತೀರಿ ಅಂತ ಕೇಳುವುದೇ ಗಟ್ಟಿ ವಾದ.

ನೈಟ್ ಡ್ಯೂಟಿ

ವಕೀಲರೇ, ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ನಿಯಮ ಎಷ್ಟು ಜನಕ್ಕೆ ಗೊತ್ತು? ನಮ್ಮಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದ ಒಬ್ಬ ಅಕ್ಕ ಇದ್ದರು. ಕಾಂಟ್ರಾಕ್ಟ್ ಕೆಲಸ. ಸೂಜಿಗಳು ಬಿಳಿ ಡಬ್ಬಕ್ಕೆ ಹೋಗಬೇಕು. ಯಾರೋ ಹಳದಿ ಚೀಲಕ್ಕೆ ಹಾಕಿದ್ದರು. ಅಕ್ಕ ಚೀಲದ ಬಾಯಿ ಕಟ್ಟಿ ಎತ್ತಿಕೊಂಡಾಗ ತೊಡೆಗೆ ಚುಚ್ಚಿತು. ಸೀರೆ ಮೇಲೆತ್ತಿ ಆ ಚುಕ್ಕಿ ತೋರಿಸುವುದಕ್ಕೂ ಅವರಿಗೆ ನಾಚಿಕೆ. ಲಸಿಕೆ ಆಗಿದೆಯಾ ಅಂತ ಕೇಳಿದರೆ, "ಯಾವ ಲಸಿಕೆ ಸಿಸ್ಟರ್?" ಅಂದರು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಯಾರೂ ಅವರಿಗೆ ಒಂದು ಡೋಸೂ ಕೊಟ್ಟಿರಲಿಲ್ಲ.

ಸ್ವಂತ ಆಯ್ಕೆ ಬಗ್ಗೆ ಇಷ್ಟು ಮಾತಾಡುತ್ತೇವೆ. ಆ ಅಕ್ಕನಿಗೆ ಹಾಕಿಸಿಕೊಳ್ಳುವ ಆಯ್ಕೆಯೂ ಇರಲಿಲ್ಲ, ಬಿಡುವ ಆಯ್ಕೆಯೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೆ. ವಿದ್ಯಾರ್ಥಿಗಳಿಗೆ ನೋಟಿಸ್ ಅಂಟಿಸುವವರು ಮೊದಲು ತಮ್ಮ ಕಸ ಎತ್ತುವವರ ಪಟ್ಟಿ ತೆಗೆದು ನೋಡಲಿ.

ಕೊಪ್ಪದ ತೋಟ

ಹುಡುಗಿಯ ಅಪ್ಪ ಹೇಳಿದ ಮಾತನ್ನು ಯಾರೂ ತಳ್ಳಿಹಾಕಬೇಡಿ. ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಯಿಲೆ ಮೊದಲು ಕಂಡಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ನಮಗೆ ಅದೇ ಭಯ. ಕಾಡಿನಲ್ಲಿ ಮಂಗ ಸತ್ತರೆ ಸುದ್ದಿ ಮೊದಲು ಆಶಾ ಕಾರ್ಯಕರ್ತೆಗೆ ಮುಟ್ಟಿಸುತ್ತೇವೆ. ಲಸಿಕೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್. ಆಮೇಲೆ ಐದು ವರ್ಷ ವರ್ಷಕ್ಕೊಂದು. ತೋಳು ಊದಿಕೊಂಡು ಎರಡು ದಿನ ಕತ್ತಿ ಹಿಡಿಯಕ್ಕಾಗುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಟೈಮಲ್ಲಿ ಯಾವ ಆಳು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾನೆ? ಮೊದಲ ಡೋಸಿಗೆ ಬಂದವರು ಬೂಸ್ಟರಿಗೆ ಬರುತ್ತಿರಲಿಲ್ಲ.

2005ರಿಂದ 2010ರ ತನಕದ ಲೆಕ್ಕ ತೆಗೆದು ನೋಡಿದವರು, ಎರಡು ಡೋಸಿಗೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಅಂತ ಕಂಡುಕೊಂಡರು. ಅಂದರೆ ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬರುತ್ತಿತ್ತು. ಅಪ್ಪ ನೋಡಿದ್ದು ಅದನ್ನೇ. ಆಮೇಲೆ ಲಸಿಕೆಯ ಶಕ್ತಿಯೇ ಸಾಲದು ಅಂತ ಗೊತ್ತಾಗಿ 2022ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ವರ್ಷಗಟ್ಟಲೆ ನೋವು ತಿಂದು ಹಾಕಿಸಿಕೊಂಡವರಿಗೆ ಹೇಗಾಗಿರಬೇಡ? ಹೊಸ ಲಸಿಕೆಯ ಕೆಲಸ ನಡೆದಿದೆ ಅಂತಾರೆ. ಸದ್ಯಕ್ಕೆ ಉಣುಗು ಹತ್ತದಿರಲಿ ಅಂತ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುತ್ತೇವೆ, ಬಂದಮೇಲೆ ಬಿಸಿನೀರಿನ ಸ್ನಾನ ಮಾಡುತ್ತೇವೆ.

ಜನ ಲಸಿಕೆ ಬೇಡ ಅಂದರೆ ಅವರು ತಿಳಿಯದವರು ಅಂತ ಬೈಯುವುದು ಸುಲಭ. ನಂಬಿಕೆ ಯಾರು ಕಳೆದದ್ದು ಅಂತಲೂ ಕೇಳಬೇಕು.

ನೈಟ್ ಡ್ಯೂಟಿ

ಅಣ್ಣ, ನೀವು ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವ ಹಾಗಿಲ್ಲ. ನನ್ನದು ಒಂದೇ ಸೇರ್ಪಡೆ. ಆ ಲಸಿಕೆಯ ಅನುಭವವನ್ನು ಈ ಲಸಿಕೆಗೆ ಹಚ್ಚಬೇಡಿ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಸತ್ತ ವೈರಸ್ಸೂ ಇಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ಮಾಡುತ್ತಾರೆ. ತೋಳು ಒಂದೆರಡು ದಿನ ನೋಯಬಹುದು, ಸ್ವಲ್ಪ ಜ್ವರ ಬರಬಹುದು. ಯೀಸ್ಟ್ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಒಂದು ಕಾಲದಲ್ಲಿ ಹೊರದೇಶದಿಂದ ಬರುತ್ತಿದ್ದ ದುಬಾರಿ ಲಸಿಕೆ ಇದು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ಮಾಡಿದ ಮೇಲೆ ಬೆಲೆ ಇಳಿಯಿತು.

ಮುಖ್ಯವಾಗಿ, ಇದು ಕೆಲಸ ಮಾಡಿತಾ ಇಲ್ಲವಾ ಅಂತ ನಿಮ್ಮ ರಕ್ತದಲ್ಲೇ ನೋಡಬಹುದು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಟೈಟರ್ ಮಾಡಿಸಿ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ. 100ರಲ್ಲಿ ಐದರಿಂದ ಹತ್ತು ಜನಕ್ಕೆ ಬರುವುದಿಲ್ಲ, ಅವರಿಗೆ ಇನ್ನೊಂದು ಸುತ್ತು ಕೊಡುತ್ತಾರೆ. ಆಲ್ದೂರಿನ ಅಪ್ಪನಿಗೆ ಇದನ್ನು ಹೇಳಿ. ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡವರಿಗೆ ಹೀಗೆ ನೋಡಿ ತಿಳಿಯುವ ದಾರಿ ಇರಲಿಲ್ಲ.

ಸಕಲೇಶಪುರದ ಮೇಷ್ಟ್ರು

ನಾನು ನಿವೃತ್ತ ಉಪಾಧ್ಯಾಯ. ಇಲ್ಲಿ ಓದುತ್ತಿರುವ ಚಿಕ್ಕವರಿಗೆ ಎರಡು ಹಳೆಯ ಸಂಗತಿ ಹೇಳಬೇಕು ಅನ್ನಿಸಿತು.

ನನ್ನ ತೋಳಿನ ಮೇಲೆ ದುಂಡನೆಯ ಕಲೆ ಇದೆ. ಸಿಡುಬಿನ ಲಸಿಕೆಯದು. ಮೈಲಿ ಹಾಕುವವರು ಊರಿಗೆ ಬಂದರೆ ಮಕ್ಕಳೆಲ್ಲ ಅಟ್ಟ ಹತ್ತುತ್ತಿದ್ದೆವು. ಎಳೆದು ತಂದು ಹಾಕಿಸುತ್ತಿದ್ದರು. ಯಾರೂ ಒಪ್ಪಿಗೆ ಕೇಳಲಿಲ್ಲ. 1975ರ ನಂತರ ದೇಶದಲ್ಲಿ ಸಿಡುಬು ಹರಡಿಲ್ಲ. ನನ್ನ ಮಕ್ಕಳ ತೋಳಿನಲ್ಲಿ ಆ ಕಲೆ ಇಲ್ಲ, ಅವರಿಗೆ ಬೇಕಾಗಲಿಲ್ಲ.

ಇನ್ನೊಂದು ತುರ್ತುಪರಿಸ್ಥಿತಿಯ ಕಾಲದ್ದು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕಿಂತ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಗುರಿ ಮುಟ್ಟಿಸಬೇಕು ಅಂತ ಸರ್ಕಾರಿ ನೌಕರರಿಗೆ ಒತ್ತಡ ಇತ್ತು, ನಮ್ಮಂಥ ಮೇಷ್ಟ್ರುಗಳಿಗೂ ಇತ್ತು. ಬಡವರು ಆಸ್ಪತ್ರೆ ಜೀಪ್ ಕಂಡರೆ ತೋಟದೊಳಗೆ ಓಡುವ ಹಾಗಾಯಿತು. ಆಮೇಲೆ ಎಷ್ಟೋ ವರ್ಷ ಕುಟುಂಬ ಯೋಜನೆ ಅಂದರೆ ಜನ ಮುಖ ತಿರುಗಿಸುತ್ತಿದ್ದರು. ಇದೇ ಕೆಲಸವನ್ನು ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲಿನಿಕ್ ತೆರೆದು ಮಾಡಿತ್ತು. ಬೇಕಾದವರು ಬನ್ನಿ ಅಂತ. ಅದಕ್ಕೆ ಯಾರೂ ಹೆದರಿ ಓಡಲಿಲ್ಲ.

ಬಲವಂತವೆಲ್ಲ ಕೆಟ್ಟದ್ದು ಅಂತಲೂ ನಾನು ಹೇಳಲಾರೆ, ಒಳ್ಳೆಯದಕ್ಕೆ ಮಾಡಿದ್ದೆಲ್ಲ ಸರಿ ಅಂತಲೂ ಹೇಳಲಾರೆ. ಸಿಡುಬಿನ ಲಸಿಕೆಯಲ್ಲಿ ನನ್ನಿಂದ ಪಕ್ಕದ ಮನೆಯ ಮಗು ಉಳಿಯುತ್ತಿತ್ತು. ಸಂತಾನಹರಣದಲ್ಲಿ ಯಾರೂ ಉಳಿಯುವುದಿರಲಿಲ್ಲ, ಲೆಕ್ಕ ತುಂಬುವುದಿತ್ತು ಅಷ್ಟೇ. ಯಾರು ಉಳಿಯುತ್ತಾರೆ ಅನ್ನುವುದನ್ನು ಮೊದಲು ನೋಡಿ.

ಕಡೂರಿನವ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಯಾರು ಉಳಿಯುತ್ತಾರೆ ಅನ್ನುವುದನ್ನು ತೀರ್ಮಾನಿಸುವುದು ಯಾರು? ಆಗಲೂ ದೇಶದ ಒಳ್ಳೆಯದಕ್ಕೇ ಅಂತಲೇ ಹೇಳಿದ್ದರು. ನನ್ನ ಭಯ ಅದೇ. ಉಪ್ಪಿಗೆ ಅಯೋಡಿನ್ ಹಾಕಿದರು, ಅಕ್ಕಿಗೆ ಏನೇನೋ ಬೆರೆಸಿದರು. ಯಾರನ್ನು ಕೇಳಿದರು?

ಸಕಲೇಶಪುರದ ಮೇಷ್ಟ್ರು

ಉಪ್ಪಿನ ವಿಷಯದಲ್ಲಿ ಕೇಳಿದ ಹಾಗೇ ಆಗಿತ್ತು. ಅಯೋಡಿನ್ ಇಲ್ಲದ ಉಪ್ಪಿನ ಮೇಲಿದ್ದ ನಿಷೇಧವನ್ನು ಕೇಂದ್ರ 2000ದಲ್ಲಿ ತೆಗೆಯಿತು, ಜನರ ಆಯ್ಕೆಗೆ ಬಿಡೋಣ ಅಂತ. ಅಯೋಡಿನ್ ಉಪ್ಪು ತಿನ್ನುವ ಮನೆಗಳು ಕಡಿಮೆಯಾದವು. 2006ರಲ್ಲಿ ಮತ್ತೆ ನಿಷೇಧ ತಂದರು. ಅಕ್ಕಿಯ ವಿಷಯದಲ್ಲಿ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕಬ್ಬಿಣದ ಅಂಶ ಬೆರೆಸಿದ ಅಕ್ಕಿ ತಲಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರಿಗೆ ಆಗಿಬರದೆ ಇರಬಹುದು. ರೇಷನ್ ಅಕ್ಕಿ ಬಿಟ್ಟು ಬೇರೆ ಕೊಳ್ಳಲಾಗದವರಿಗೆ ಆಯ್ಕೆ ಎಲ್ಲಿದೆ? ಅಲ್ಲಿ ನಾನೂ ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.

ಹೇಮಾವತಿ ದಂಡೆ

ಮೊದಲ ಪ್ರಶ್ನೆ ಎಲ್ಲರಿಗೂ ಮರೆತೇ ಹೋಯಿತು. ಕಾಲೇಜು ಬದಲಾವಣೆ! ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿದವಳು. ಗೊತ್ತಿರುವುದನ್ನು ಹೇಳುತ್ತೇನೆ.

ಹಾಸನದ ಕಾಲೇಜೂ ಚಿಕ್ಕಮಗಳೂರಿನ ಕಾಲೇಜೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ಇದು ನಿಮ್ಮ ಅದೃಷ್ಟ. ಸಿಲೆಬಸ್ ಒಂದೇ, ಪರೀಕ್ಷೆ ಒಂದೇ, ಮೈಗ್ರೇಷನ್ ಸರ್ಟಿಫಿಕೇಟ್ ರಗಳೆ ಇಲ್ಲ. ಬಿ.ಎ., ಬಿ.ಕಾಂ. ಮಕ್ಕಳಾದರೆ ಹಾಸನ ಒಂದು ವಿಶ್ವವಿದ್ಯಾಲಯ, ಚಿಕ್ಕಮಗಳೂರು ಕುವೆಂಪು ವಿಶ್ವವಿದ್ಯಾಲಯ. ಅವರ ಪಾಡು ಬೇರೆ.

ಆದರೆ ನಡುವೆ ಸುಮ್ಮನೆ ಎದ್ದು ಹೋಗಲು ಆಗುವುದಿಲ್ಲ. ಬಿಡುವ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು, ಸೇರುವ ಕಾಲೇಜಿನಿಂದಲೂ ಬೇಕು. ಅಲ್ಲಿ ಖಾಲಿ ಸೀಟು ಇರಲೇಬೇಕು. ಇವೆಲ್ಲದರ ಮೇಲೆ ವಿಶ್ವವಿದ್ಯಾಲಯದ ಅನುಮತಿ. ಎರಡು ಕಾಲೇಜುಗಳು ತಮ್ಮೊಳಗೆ ಒಪ್ಪಿಕೊಂಡವು ಅಂತ ನಂಬಿ ಹೋಗಿ ಕೂತರೆ ಪರೀಕ್ಷೆಗೆ ಹಾಲ್ ಟಿಕೆಟ್ ಬರುವುದಿಲ್ಲ. ಅನುಮತಿಯ ಕಾಗದ ಕೈಗೆ ಬರುವ ತನಕ ಹಳೆ ಕಾಲೇಜಿನ ಕ್ಲಾಸ್ ತಪ್ಪಿಸಬೇಡಿ.

ನಿಮ್ಮದು ಕೆಇಎ ಮೂಲಕ ಸಿಕ್ಕ ಸರ್ಕಾರಿ ಸೀಟಾ, ಮ್ಯಾನೇಜ್‌ಮೆಂಟ್ ಸೀಟಾ? ಅದರ ಮೇಲೆ ಫೀಸಿನ ಲೆಕ್ಕ ಬದಲಾಗುತ್ತದೆ. ಸ್ಕಾಲರ್‌ಶಿಪ್ ಬರುತ್ತಿದ್ದರೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಕಾಲೇಜಿನ ಹೆಸರು ಬದಲಾಗಬೇಕು, ಅದಕ್ಕೆ ಯಾರೂ ನೆನಪಿಸುವುದಿಲ್ಲ. ಉಳಿದ ವರ್ಷಗಳ ಫೀಸು ಕಟ್ಟದಿದ್ದರೆ ಮೂಲ ಅಂಕಪಟ್ಟಿ ಕೊಡಲ್ಲ ಅಂತ ಕೆಲವು ಕಡೆ ಹೆದರಿಸುತ್ತಾರೆ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಬಾಯಿಮಾತಿನಲ್ಲಿ ಜಗಳ ಬೇಡ, ಬರೆದು ಕೇಳಿ.

ನೈಟ್ ಡ್ಯೂಟಿ

ಹಾಜರಿಯ ವಿಷಯ ನಾನು ಸೇರಿಸುತ್ತೇನೆ, ಇದು ತುಂಬಾ ಮುಖ್ಯ. ಥಿಯರಿಗೂ ಪ್ರಾಕ್ಟಿಕಲ್‌ಗೂ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಸಾಕು. ಕ್ಲಿನಿಕಲ್ ಹಾಗಲ್ಲ. ಡಿಗ್ರಿ ಕೈಗೆ ಬರಬೇಕಾದರೆ ಶೇ. 100 ಮುಗಿಸಿರಬೇಕು, ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮವೇ ಹಾಗಿದೆ. ಇಲ್ಲಿ ಪೋಸ್ಟಿಂಗ್ ತಪ್ಪಿದ ಗಂಟೆಗಳು ಚಿಕ್ಕಮಗಳೂರಿಗೂ ನಿನ್ನ ಹಿಂದೆಯೇ ಬರುತ್ತವೆ. ಮೂರನೇ ಸೆಮಿಸ್ಟರಿನಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಇರುತ್ತದೆ, ಮೆಡಿಕಲ್ ವಾರ್ಡ್, ಸರ್ಜಿಕಲ್ ವಾರ್ಡ್. ಆ ಗಂಟೆಗಳನ್ನು ಹೊಸ ಜಾಗದಲ್ಲಿ ತುಂಬಿಸಿಕೊಳ್ಳುವುದು ಕಷ್ಟ. ಲಸಿಕೆ ಹಾಕಿಸಿಕೊಂಡು, ಪೋಸ್ಟಿಂಗ್ ಮುಗಿಸಿಕೊಂಡು, ಆಮೇಲೆ ಹೋಗು.

ಮತ್ತೆ, ಈ ಲಸಿಕೆ ಅಡ್ಮಿಷನ್ ದಿನವೇ ಶುರುವಾಗಬೇಕಿತ್ತು. ಮೊದಲ ಸೆಮಿಸ್ಟರಿನಲ್ಲೇ ನಿಮ್ಮನ್ನು ವಾರ್ಡಿಗೆ ಕಳಿಸಿದ್ದಾರೆ ತಾನೆ? ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ನಾಳೆ ಸರ್ಟಿಫಿಕೇಟ್ ಕೊಡಿ ಅಂದರೆ ಎಲ್ಲಿಂದ ತರುವುದು? ಮೊದಲ ಡೋಸ್ ಆದವರನ್ನು ಮೇಲ್ವಿಚಾರಣೆಯಲ್ಲಿ ವಾರ್ಡಿಗೆ ಬಿಡಿ, ಸೂಜಿ ಕೆಲಸ ಸದ್ಯಕ್ಕೆ ಕೊಡಬೇಡಿ ಅಂತ ನೀವೆಲ್ಲ ಸೇರಿ ಕೇಳಿ. ಇದು ನ್ಯಾಯವಾದ ಬೇಡಿಕೆ.

ಆಲ್ದೂರು ಹುಡುಗಿ

ಎಲ್ಲರ ಮಾತೂ ಓದಿದೆ. ಅಪ್ಪನಿಗೆ ಫೋನಿನಲ್ಲೇ ಓದಿ ಹೇಳಿದೆ. ಕೊಪ್ಪದ ಅಣ್ಣನ ಮಾತಿಗೆ "ನೋಡು, ನಾನು ಹೇಳಿದ್ದು ಸುಳ್ಳಲ್ಲ" ಅಂದರು. ಟೈಟರ್ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದಕ್ಕೆ ಎಷ್ಟು ಖರ್ಚು ಅಂತ ಕೇಳಿದರು.

ನಮ್ಮ ಕ್ಲಾಸಿನವರ ಜೊತೆ ಮಾತಾಡಿದೆ. ಲಸಿಕೆ ಬೇಡ ಅನ್ನುವವರು ಇಬ್ಬರೋ ಮೂವರೋ ಇದ್ದಾರೆ. ಉಳಿದವರಿಗೆಲ್ಲ ಇರುವುದು ಫೀಸಿನ ಸಿಟ್ಟು, ಆ ನೋಟಿಸಿನ ಧಾಟಿಯ ಸಿಟ್ಟು. ಲಸಿಕೆ ಹಾಕಿಸಿಕೊಳ್ಳಲು ನಾನು ತಯಾರು. ಫೀಸು ಕಟ್ಟಲು ತಯಾರಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತಾ? ನಾನು ಹುಟ್ಟಿದ್ದು 2006ರಲ್ಲಿ. ಚಿಕ್ಕಂದಿನಲ್ಲಿ ಹಾಕಿಸಿದ್ದಾರಾ ಅಂತ ಅಮ್ಮನಿಗೆ ನೆನಪಿಲ್ಲ.

ಚಿಕ್ಕಮಗಳೂರಿಗೆ ಹೋಗುವ ಯೋಚನೆ ಬಿಟ್ಟಿಲ್ಲ. ಅಮ್ಮ ಒಬ್ಬರೇ ನೀರಿನ ಕೊಡ ಎತ್ತುವುದನ್ನು ನೆನೆದರೆ ಇಲ್ಲಿ ಓದಕ್ಕೆ ಮನಸ್ಸಾಗಲ್ಲ.

ನೈಟ್ ಡ್ಯೂಟಿ

ತಾಯಿ ಕಾರ್ಡ್ ಹುಡುಕಿಸು. ಮಕ್ಕಳ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ 2002ರಲ್ಲಿ ಕೆಲವು ಕಡೆ ಮಾತ್ರ ಬಂತು, ಇಡೀ ದೇಶಕ್ಕೆ ಬಂದಿದ್ದು 2011ರ ಹೊತ್ತಿಗೆ. 2006ರವರಿಗೆ ಸಿಕ್ಕಿಲ್ಲದಿರುವುದೇ ಜಾಸ್ತಿ. ಕಾರ್ಡ್ ಸಿಗದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿದು ಶುರು ಮಾಡು. ಮೊದಲೇ ಆಗಿದ್ದರೂ ಮತ್ತೆ ಹಾಕಿಸಿದ್ದಕ್ಕೆ ತೊಂದರೆಯಿಲ್ಲ. ಡೋಸ್ ಶುರು ಮಾಡುವ ಮುಂಚೆ ಎಚ್‌ಬಿಎಸ್‌ಎಜಿ ಪರೀಕ್ಷೆ ಒಂದು ಮಾಡಿಸಿಬಿಡು, ಸೋಂಕು ಮೊದಲೇ ಇದ್ದರೆ ಲಸಿಕೆಯಿಂದ ಪ್ರಯೋಜನವಿಲ್ಲ.

ಕೇಂದ್ರ ಸರ್ಕಾರದ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಿಂದ ಇದೆ. ಆರೋಗ್ಯ ಸಿಬ್ಬಂದಿಗೆ ಲಸಿಕೆ ಕೊಡುವುದೂ ಅದರಲ್ಲಿ ಸೇರಿದೆ. ನಿಮ್ಮ ಪೋಸ್ಟಿಂಗ್ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ನೇರವಾಗಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಕ್ಲಾಸಿನ ಪಟ್ಟಿ ಮಾಡಿಕೊಂಡು ಹೋಗಿ.

ಹೇಮಾವತಿ ದಂಡೆ

ಅಮ್ಮನ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ, ಅದರ ಪ್ರತಿ ಅರ್ಜಿಗೆ ಲಗತ್ತಿಸಿ. ಬದಲಾವಣೆಗೆ ಕಾರಣ ಅಂತ ಅದನ್ನೇ ಬರೆಯಿರಿ. ಲಸಿಕೆ ಜಗಳವನ್ನು ಆ ಅರ್ಜಿಯಲ್ಲಿ ಒಂದು ಸಾಲೂ ತರಬೇಡಿ. ಎರಡೂ ಸೇರಿದರೆ ಶಿಸ್ತಿನ ತಕರಾರು ಇರುವ ಹುಡುಗಿ ಅಂತ ಹೊಸ ಕಾಲೇಜು ಹಿಂಜರಿಯುತ್ತದೆ. ಫೀಸಿನ ಅರ್ಜಿ ಕ್ಲಾಸಿನವರೆಲ್ಲರ ಸಹಿಯಲ್ಲಿ ಬೇರೆಯೇ ಹೋಗಲಿ.

ಓಡಾಟದ ಲೆಕ್ಕವನ್ನೂ ಹಾಕಿಕೊಳ್ಳಿ. ಆಲ್ದೂರಿನಿಂದ ಚಿಕ್ಕಮಗಳೂರಿಗೆ ದೂರವೇನೂ ಇಲ್ಲ, ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ದುಡ್ಡೂ ಇಲ್ಲ. ಆದರೆ ಬೆಳಗಿನ ಪೋಸ್ಟಿಂಗ್‌ಗೆ ಆಸ್ಪತ್ರೆಯಲ್ಲಿ ಎಷ್ಟು ಗಂಟೆಗೆ ಇರಬೇಕು ಅಂತ ಅಲ್ಲಿನ ಸೀನಿಯರ್‌ಗಳನ್ನು ಕೇಳಿ, ಆ ಹೊತ್ತಿಗೆ ನಿಮ್ಮೂರಿನಿಂದ ಬಸ್ ಇದೆಯಾ ನೋಡಿ. ಜುಲೈ ಮಳೆಯಲ್ಲಿ ಬಸ್ ತಡವಾಗುತ್ತದೆ. ಅಮ್ಮನಿಗೋಸ್ಕರ ಹೋಗಿ ಕೊನೆಗೆ ಅಲ್ಲೂ ಹಾಸ್ಟೆಲಿನಲ್ಲೇ ಇರಬೇಕಾದರೆ ಇಷ್ಟು ಒದ್ದಾಟ ಯಾಕೆ?

ಕಡೂರಿನವ

ತಂಗಿ, ಹಾಕಿಸಿಕೋ ಅಂತ ನಾನೂ ಹೇಳುತ್ತೇನೆ. ಕಡ್ಡಾಯದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ಕಾರಣ ಹೇಳದೆ, ಸಮಯ ಕೊಡದೆ, ದುಡ್ಡು ಕೇಳಿ ಮಾಡುವ ಯಾವ ಕಡ್ಡಾಯವನ್ನೂ ಪ್ರಶ್ನಿಸಲೇಬೇಕು. ನಿಮ್ಮ ಫೀಸಿನ ಅರ್ಜಿಗೆ ಉತ್ತರ ಬರದಿದ್ದರೆ ಇಲ್ಲಿ ಹೇಳಿ, ಮಾಹಿತಿ ಹಕ್ಕಿನಲ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ನಾನು ಸಹಾಯ ಮಾಡುತ್ತೇನೆ.

ಆಲ್ದೂರು ಹುಡುಗಿ

ಸರಿ ಅಣ್ಣ. ಸೋಮವಾರ ಫೀಸಿನ ಅರ್ಜಿ ಕೊಡುತ್ತೇವೆ. ವಕೀಲರೇ, ಕನ್ನಡದಲ್ಲಿ ಬರೆದರೆ ನಡೆಯುತ್ತಾ? ಆ 2016ರ ನಿಯಮವನ್ನು ಹೇಗೆ ಬರೆಯುವುದು?

ಬೇಲೂರು ವಕೀಲ

ಕನ್ನಡದಲ್ಲೇ ಬರೆಯಿರಿ. "ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ 4ನೇ ನಿಯಮದ ಪ್ರಕಾರ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ಹೊಣೆ ಆಸ್ಪತ್ರೆಯದು. ಪೋಸ್ಟಿಂಗ್‌ನಲ್ಲಿ ನಾವೂ ಅದೇ ತ್ಯಾಜ್ಯ ಮುಟ್ಟುತ್ತೇವೆ. ಆದ್ದರಿಂದ ನಮಗೂ, ವಾರ್ಡಿನ ಸ್ವಚ್ಛತಾ ಸಿಬ್ಬಂದಿಗೂ ಉಚಿತವಾಗಿ ಲಸಿಕೆ ಹಾಕಿಸಿ" ಅಂತ ಸೇರಿಸಿ. ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಮೇತ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.